ಗಾಡಿ ಓಡ್ತಿರಬೇಕು

(ಜಹೀರಾಬಾದಿನ ಹಳೆಯ ಗ್ಯಾರೇಜೊಂದರ ಮಿಸ್ತ್ರಿ ಮತ್ತು ತಾಂಡೂರಿನಲ್ಲಿ ನೆಲೆಸಿರುವ ಕಾರಿನ ಮಾಲಕನ ನಡುವಿನ ಮಾತು. ಕಾರು 1974ರ ಅಂಬಾಸಿಡರ್ ಮಾರ್ಕ್ 2. ಮಾಲಕನ ತಂದೆ ಕೊಂಡದ್ದು. ಅವರು ತೀರಿಕೊಂಡ ಮೇಲೆ ನಾರಾಯಣಖೇಡದ ಮನೆಯ ಶೆಡ್ಡಿನಲ್ಲಿ ವರ್ಷಗಟ್ಟಲೆ ನಿಂತಿತ್ತು.)

ಮಾಲಕ: ಕಾಕಾ, ಹೈದರಾಬಾದಿನವರು ಗಾಡಿ ಲಾರಿಯಾಗ ಹಾಕಿ ಕಳಿಸ್ರಿ ಅಂತಾರ. ಪೂರಾ ಬಿಚ್ಚಿ, ಪೇಂಟ್ ಹೊಡೆದು, ಷೋರೂಮಿನಿಂದ ಬಂದಂಗ ಮಾಡಿ ಕೊಡ್ತಾರಂತ. ನಿಮ್ಮನ್ನ ಕೇಳದೆ ಹೂಂ ಅನ್ನಬಾರದು ಅಂತ ಬಂದೀನಿ.

ಮಿಸ್ತ್ರಿ: ಕಳಿಸಬ್ಯಾಡ ಅಂತ ನಾ ಹೇಳೂದಿಲ್ಲ. ಅಲ್ಲಿ ಕೆಲಸ ಬಲ್ಲವರು ಇದ್ದಾರ. ಆದ್ರ ಒಂದು ಕೇಳ್ತೀನಿ. ಗಾಡಿ ವಾಪಸ್ ಬಂದ ಮ್ಯಾಲ ಒಂದಿನ ಮುಂಜಾನೆ ತಾಂಡೂರಿನಾಗ ಸ್ಟಾರ್ಟ್ ಆಗಲಿಲ್ಲ ಅಂದ್ರ ಯಾರನ್ನ ಕರೀತಿ?

ಮಾಲಕ: ನಿಮ್ಮನ್ನೇ.

ಮಿಸ್ತ್ರಿ: ಹಂಗಾದ್ರ ಒಳಗ ಏನು ಹಾಕ್ಯಾರ, ಯಾವ ಬುಶ್ ಎಷ್ಟು ಅಳತಿಗೆ ತಿರುಗಿಸ್ಯಾರ, ಯಾವ ವೈರ್ ಎಲ್ಲಿಂದ ಎಲ್ಲಿಗೆ ಎಳದಾರ, ಇದು ನನಗ ಗೊತ್ತಿರಬೇಕಲ್ಲ. ನಿನಗೂ ಗೊತ್ತಿರಬೇಕು. ಚಂದ ಕಾಣಲಿ ಅಂತ ಹಳೇ ಗಾಡಿ ಇಟ್ಟವರಿಗೆ ಅದರ ಜರೂರ ಇಲ್ಲ. ನೀ ಓಡಿಸ್ತೀನಿ ಅಂತಿ. ಓಡೋ ಗಾಡಿಗೆ ಹತ್ತಿರದಾಗ ಬಲ್ಲ ಕೈ ಬೇಕು.

ಮಾಲಕ: ಓಡಿಸಬೇಕು ಅಂತನೇ ಹೊರಗ ತೆಗದೀನಿ. ಈ ಗಾಡಿ ಕಂಡಷ್ಟು ಈ ಕಡೆ ರಸ್ತಾ ನಮ್ಮ ಮನ್ಯಾಗ ಮತ್ತೆ ಯಾವುದೂ ಕಂಡಿಲ್ಲ. ಅಪ್ಪ ಹೇಳ್ತಿದ್ರು: ಜಹೀರಾಬಾದ್, ನಾರಾಯಣಖೇಡ ಎರಡೂ ಮೊದಲು ಬೀದರ ಜಿಲ್ಲಾದ ತಾಲೂಕು. ತಾಂಡೂರು ಗುಲ್ಬರ್ಗಾ ಜಿಲ್ಲಾದಾಗಿತ್ತು. 1956ರ ನವೆಂಬರ್ 1ಕ್ಕ ಮೂರೂ ಆಂಧ್ರಕ್ಕ ಹೋದ್ವು. ಬೀಗರು, ದೇವರು, ದವಾಖಾನಿ ಎಲ್ಲಾ ಆ ಕಡೆ, ಬೀದರ-ಗುಲ್ಬರ್ಗಾದಾಗ; ಹೊಲ-ಮನಿ ಈ ಕಡೆ. ಹಿಂದುಸ್ಥಾನ್ ಮೋಟರ್ಸ್‌ದವರು ಅಂಬಾಸಿಡರ್ ತೆಗೆದದ್ದು ಅದರ ಮರುವರ್ಷ, 1957ರಾಗ. ಗಡಿ ಬಂದ ಬೆನ್ನಿಗೇ ಗಡಿ ದಾಟೋ ಗಾಡಿನೂ ಬಂತು.

ಮಿಸ್ತ್ರಿ: ನಿಮ್ಮಪ್ಪನ ಗಾಡ್ಯಾಗ ನಾನೂ ಕುಂತೀನಿ. ಝರಾಸಂಗಮದ ಕೇತಕಿ ಸಂಗಮೇಶ್ವರ ಜಾತ್ರಿಗೆ ಹೋಗೋರು ನನ್ನ ಗ್ಯಾರೇಜ್ ಮುಂದ ನಿಂತು, ನೀರು-ಆಯಿಲ್ ನೋಡಿಸಿಕೊಂಡೇ ಮುಂದ ಹೋಗ್ತಿದ್ರು. ಹಿಂದಿನ ಸೀಟಿನ್ಯಾಗ ನಾಕು ಮಂದಿ, ಮುಂದ ಮೂರು ಮಂದಿ. ಗೇರ್ ಸ್ಟೇರಿಂಗ್ ಕೆಳಗ ಇರೋದರಿಂದ ನಡುವ ಕುಂತವರ ಕಾಲಿಗೆ ಏನೂ ಅಡ್ಡ ಇಲ್ಲ. ಏಳು ಮಂದಿ ಹೊತ್ತು ಎರಿ ಮಣ್ಣಿನ ಹಾದ್ಯಾಗ ಹೋಗಿ ಬರ್ತಿತ್ತು.

ಮಾಲಕ: ಮತ್ತ ಈಗ ಯಾಕ ಹೆದರಸ್ತೀರಿ? ನಿನ್ನೆ ಕೆಳಗ ಮಲಗಿ ನೋಡಿ ಎದ್ದವರು ಮಾರಿ ಸಣ್ಣ ಮಾಡಿದ್ರಿ.

ಮಿಸ್ತ್ರಿ: ಹೆದರಸೂದಿಲ್ಲ. ಬಾ, ಇಲ್ಲಿ ಕೂಡು. ಬಾಗಿಲ ಕೆಳಗಿನ ಪಟ್ಟಿ ಮ್ಯಾಲ ಬೆರಳು ಇಟ್ಟು ಬಡಿ. ಇಲ್ಲಿ ಕಣಕಣ ಅಂತದ, ಇಲ್ಲಿ ಮುಂದ ಬಂದ್ರ ಮಣ್ಣಿನ ಗಡಗಿ ಬಡದಂಗ ಮಂದ ಆಗ್ತದ. ಅಂದ್ರ ಪತ್ರಾ ಇಲ್ಲ, ಲಪ್ಪಂ ಅದ. ಯಾರೋ ತೂತಿಗೆ ಅರಿವಿ ತುರುಕಿ, ಮ್ಯಾಲ ಲಪ್ಪಂ ಬಳದು ಬಣ್ಣ ಹೊಡದಾರ. ಒಳಗ ಜಂಗು ತಿಂತಾ ಕುಂತದ.

ಮಾಲಕ: ಅದು ಬರೇ ಪಟ್ಟಿ ಅಲ್ಲೇನು? ಕತ್ತರಿಸಿ ಹೊಸ ಪತ್ರಾ ಬೆಸುಗಿ ಹಾಕಿದ್ರ ಮುಗೀತು.

ಮಿಸ್ತ್ರಿ: ಇಲ್ಲೇ ಎಲ್ಲಾರೂ ಗಾಡಿ ಕೆಡಸ್ತಾರ. ಜೀಪು, ಲಾರಿಗೆ ಕೆಳಗ ಚಾಸಿಸ್ ಬ್ಯಾರೆ ಇರ್ತದ, ಮ್ಯಾಲ ಬಾಡಿ ಬ್ಯಾರೆ. ಅಂಬಾಸಿಡರಿಗೆ ಹಂಗಿಲ್ಲ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3ರಿಂದ ಬಂದ ಗಾಡಿ ಇದು. ಬಾಡಿನೇ ಚಾಸಿಸ್. ನೆಲದ ಪತ್ರಾ, ಈ ಪಟ್ಟಿ, ಬಾಗಿಲ ಕಂಬ ಎಲ್ಲಾ ಕೂಡಿ ತೂಕ ಹೊರ್ತಾವ. ಪಟ್ಟಿ ಒಮ್ಮೆಲೆ ಕತ್ತರಿಸಿದ್ರ ನಡುವ ಗಾಡಿ ಕುಸೀತದ, ಕಣ್ಣಿಗೆ ಕಾಣದಷ್ಟು. ಅದೇ ಕುಸಿದ ಹದದಾಗ ಹೊಸ ಪತ್ರಾ ಬೆಸುಗಿ ಹಾಕಿಬಿಟ್ರ ಮುಗೀತು, ಆ ಕುಸಿತ ಕಾಯಂ. ಮುಂದ ಜೀವನಪೂರ್ತಿ ಬಾಗಿಲು ಎತ್ತಿ ಹಾಕಬೇಕು.

ಮಾಲಕ: ಹಂಗಾದ್ರ ಹೆಂಗ ಮಾಡ್ತೀರಿ?

ಮಿಸ್ತ್ರಿ: ಗಾಡಿ ತನ್ನ ಗಾಲಿ ಮ್ಯಾಲ ಇದ್ದಾಗಲೇ ನಾಕೂ ಬಾಗಿಲ ಸಂದು ಅಳೀತೀನಿ. ಮ್ಯಾಲ ಎಷ್ಟು, ಕೆಳಗ ಎಷ್ಟು, ಪಟ್ಟಿ ಮ್ಯಾಲ ಸೀಮೆಸುಣ್ಣದಿಂದ ಬರದು ಇಡ್ತೀನಿ. ಆಮ್ಯಾಲ ನೆಲದ ಗಟ್ಟಿ ಜಾಗ ನೋಡಿ ಕೆಳಗ ಟೇಕು ಕೊಡ್ತೀನಿ. ಬಾಗಿಲ ಚೌಕಟ್ಟಿನಾಗ ಅಡ್ಡ ಒಂದು ಕೋನಪಟ್ಟಿ ತಾತ್ಪೂರ್ತಿಕ ಬೆಸುಗಿ ಹಾಕ್ತೀನಿ, ಕಂಬ ಒಳಗ-ಹೊರಗ ಹೋಗಬಾರದು. ಆಮ್ಯಾಲ ಒಂದು ಗೇಣು ಕತ್ತರಿಸು, ಒಂದು ಗೇಣು ಹಾಕು. ನಡು ನಡುವ ಬಾಗಿಲು ಹಾಕಿ ತೆಗೆದು ನೋಡಬೇಕು. ಸಂದು ಬದಲಾತೋ, ಅಲ್ಲೇ ನಿಲ್ಲಬೇಕು. ಬೆಸುಗಿ ಒಂದೇ ಕಡೆ ಉದ್ದಕ ಎಳದ್ರ ಕಾವಿಗೆ ಪತ್ರಾ ಡೊಂಕ ಆಗ್ತದ. ಇಲ್ಲೊಂದು ಚುಕ್ಕಿ, ಅಲ್ಲೊಂದು ಚುಕ್ಕಿ ಕೊಡ್ತಾ, ಆರಲಿಕ್ಕ ಬಿಡಬೇಕು. ನಿಧಾನದ ಕೆಲಸ. ದಿನಕ್ಕ ಇಷ್ಟು ಅಂತ ಕೂಲಿ ಲೆಕ್ಕ ಹಾಕಿದ್ರ ಯಾರಿಗೂ ಪೂರೈಸೂದಿಲ್ಲ, ಅದಕ್ಕೇ ಯಾರೂ ಮಾಡೂದಿಲ್ಲ.

ಮಾಲಕ: ಪೇಂಟ್ ಅದರ ನಂತರ?

ಮಿಸ್ತ್ರಿ: ಪೇಂಟ್ ಎಲ್ಲಾದರ ನಂತರ. ಒಳಗ ಬೆಸುಗಿಯ ಬೆನ್ನಿಗೆ ಪ್ರೈಮರ್, ಮ್ಯಾಲ ವ್ಯಾಕ್ಸು, ನೀರು ಇಳಿಯೋ ತೂತು ಮುಚ್ಚಬಾರದು. ಬಾಗಿಲ ಗಾಜಿನ ಸಂದಿನಿಂದ ಇಳಿದ ಮಳಿ ನೀರು ಕೆಳಗಿನ ತೂತಿನಿಂದ ಹೊರಗ ಹೋಗಬೇಕು. ಆ ತೂತು ಮಣ್ಣಿನಿಂದ ಮುಚ್ಚಿದ್ರ ಬಾಗಿಲು ಒಳಗಿಂದ ಕೊಳೀತದ. ನೀ ಮನ್ಯಾಗ ಮಾಡಬಹುದಾದ ಕೆಲಸ ಇದು, ಮಳಿಗಾಲಕ್ಕ ಮೊದಲು ಒಂದು ತಂತಿ ಹಾಕಿ ತೂತು ಬಿಡಿಸು. ಇಷ್ಟಕ್ಕ ಮಿಸ್ತ್ರಿ ಬೇಕಿಲ್ಲ.

ಮಾಲಕ: ಬ್ರೇಕಿನ ಬಗ್ಗೆ ನೀವು ನಿನ್ನೆ ಏನೂ ಹೇಳಲಿಲ್ಲ.

ಮಿಸ್ತ್ರಿ: ಹೇಳಲಿಲ್ಲ, ಯಾಕಂದ್ರ ಅದರಾಗ ಚರ್ಚೆ ಇಲ್ಲ. ನಾಕೂ ಗಾಲಿಗೆ ಡ್ರಮ್ ಬ್ರೇಕು, ಆಯಿಲ್ ಹೋಗೋ ಲೈನ್ ಒಂದೇ. ಈಗಿನ ಗಾಡಿಗಳಿಗೆ ಎರಡು ಲೈನ್. ಒಂದು ಒಡದ್ರ ಇನ್ನೊಂದು ಹಿಡೀತದ. ಇದರಾಗ ಒಂದು ಹೋಸ್ ಒಡೀತು ಅಂದ್ರ ಪೆಡಲ್ ನೆಲಕ್ಕ ಹೋಗ್ತದ. ಆಮ್ಯಾಲ ಇರೋದು ಹ್ಯಾಂಡ್‌ಬ್ರೇಕು, ಅದನ್ನ ನಂಬಿ ಓಡಿಸಬಾರದು. ವರ್ಷಗಟ್ಟಲೆ ನಿಂತಿದ್ದಕ್ಕ ಬ್ರೇಕ್ ಆಯಿಲ್ ಗಾಳ್ಯಾಗಿನ ಪಸಿ ಕುಡಿದದ. ವೀಲ್ ಸಿಲಿಂಡರ್ ಒಳಗ ಜಂಗಿನ ಚುಕ್ಕಿ ಬಿದ್ದಾವ, ಉಗುರು ಎಳದು ನೋಡು, ಸಿಗ್ತದ. ಹೊಸ ರಬ್ಬರ್ ಕಿಟ್ ಹಾಕಿದ್ರೂ ಆ ಚುಕ್ಕಿ ರಬ್ಬರ್ ಹರೀತದ. ಲೇತ್ ಮ್ಯಾಲ ಬೋರ್ ಮಾಡಿ, ಒಳಗ ಸ್ಲೀವ್ ಹೊಡೆದು, ಮೊದಲಿನ ಅಳತಿಗೆ ತರಬೇಕು, ಇಲ್ಲಾ ಹೊಸ ಸಿಲಿಂಡರ್ ಹಾಕಬೇಕು. ಲೋಹದ ಪೈಪ್, ರಬ್ಬರ್ ಹೋಸ್ ಎಲ್ಲಾ ಹೊಸಾವ. ಇದಕ್ಕ ರೊಕ್ಕ ಇಲ್ಲ ಅಂದ್ರ ಗಾಡಿ ಶೆಡ್ಡಿಗೇ ಹೋಗಲಿ.

ಮಾಲಕ: ರೊಕ್ಕ ಅದ. ನನ್ನ ಚಿಂತಿ ಬ್ಯಾರೆ. ತಾಂಡೂರಿಗೆ ಒಯ್ದ ಮೊದಲನೇ ವಾರದಾಗೇ ಬೇಯ್ಲಿಕ್ಕ ಹತ್ತಿತ್ತು. ಬಸ್ ಸ್ಟ್ಯಾಂಡ್ ಹತ್ತಿರ ಟ್ರಾಫಿಕ್ಕಿನಾಗ ನಿಂತ್ರ ಸಾಕು, ಮುಳ್ಳು ಏರ್ತದ. ಒಬ್ಬರು ಥರ್ಮೋಸ್ಟಾಟ್ ತೆಗೆದು ಬಿಸಾಕ್ರಿ ಅಂದ್ರು.

ಮಿಸ್ತ್ರಿ: ಬಿಸಾಕಿಲ್ಲ ಹೌದಿಲ್ಲೋ?

ಮಾಲಕ: ಇಲ್ಲ, ಇಲ್ಲೇ ಅದ.

ಮಿಸ್ತ್ರಿ: ಛಲೋ ಆತು. ಥರ್ಮೋಸ್ಟಾಟ್ ತೆಗೆದ್ರ ಎಂಜಿನ್ ತನ್ನ ಹದಕ್ಕ ಬರಲಿಕ್ಕ ಭಾಳ ಹೊತ್ತು ಹಿಡೀತದ, ತಣ್ಣಗೇ ಓಡ್ತದ. ತಣ್ಣಗ ಓಡಿದ ಎಂಜಿನ್ ಬೋರ್ ಬ್ಯಾಗ ಸವೀತದ, ಪೆಟ್ರೋಲ್ ಜಾಸ್ತಿ ಕುಡೀತದ. ಕೆಟ್ಟಿದ್ರ ಬ್ಯಾರೆ ಹಾಕಬೇಕು, ತೆಗೆದು ಓಡಿಸಬಾರದು. ಈಗ ಹೇಳು, ರೇಡಿಯೇಟರಿಗೆ ಯಾವ ನೀರು ಹಾಕ್ತಿ?

ಮಾಲಕ: ಬೋರಿನ ನೀರು. ಮನ್ಯಾಗ ಬ್ಯಾರೆ ಎಲ್ಲಿಂದ ಬರಬೇಕು?

ಮಿಸ್ತ್ರಿ: ಅದೇ ರೋಗ. ನಿಮ್ಮೂರ ಫರಸಿ ದೇಶಕ್ಕೆಲ್ಲಾ ಹೋಗ್ತದ. ಅದು ಸುಣ್ಣದ ಕಲ್ಲು. ಆ ಕಲ್ಲಿನ ಒಳಗಿಂದ ಬರೋ ನೀರಿನ್ಯಾಗ ಸುಣ್ಣ ಇರ್ತದ. ನೀರು ಕಾಯಿಸೋ ಭಾಂಡಿ ಒಳಗ ಬೆಳ್ಳಗ ಪದರ ಕೂಡ್ತದಲ್ಲ, ಅದೇ ಪದರ ರೇಡಿಯೇಟರಿನ ಸಣ್ಣ ನಳಿಗಿಯೊಳಗ ಕೂಡ್ತದ, ಎಂಜಿನ್ ಬ್ಲಾಕಿನೊಳಗ ಕೂಡ್ತದ. ಹಿಂದಿನ ನಾಕನೇ ಸಿಲಿಂಡರಿನ ಸುತ್ತ ಕೆಸರು ತುಂಬ್ತದ, ಅಲ್ಲಿ ನೀರು ಹಾಯೂದಿಲ್ಲ. ರೇಡಿಯೇಟರ್ ಬಿಚ್ಚಿ, ಮ್ಯಾಲಿನ ಟ್ಯಾಂಕಿನ ಬೆಸುಗಿ ಬಿಡಿಸಿ, ಪ್ರತಿ ನಳಿಗಿಯೊಳಗ ತೆಳ್ಳನ ಪಟ್ಟಿ ಹಾಕಿ ಕೆತ್ತಿ ತೆಗೀಬೇಕು. ಹಳೇ ತಾಮ್ರ-ಹಿತ್ತಾಳಿ ರೇಡಿಯೇಟರ್ ಇದ್ದುದರಿಂದ ಬಿಚ್ಚಿ ಬೆಸುಗಿ ಹಾಕಬಹುದು. ಈಗಿನ ಪ್ಲಾಸ್ಟಿಕ್ ಟ್ಯಾಂಕಿನವು ಆಗಿದ್ರ ಒಗದು ಹೊಸಾದು ತರಬೇಕಿತ್ತು. ಇನ್ನ ಮುಂದ ಬ್ಯಾಟರಿ ಅಂಗಡ್ಯಾಗ ಸಿಗೋ ಡಿಸ್ಟಿಲ್ಡ್ ನೀರು, ಅದರಾಗ ಕೂಲಂಟ್. ಬೋರಿನ ನೀರು ಬ್ಯಾಡ.

ಮಾಲಕ: ಫರಸಿ ಪಾಲಿಶಿಂಗ್ ಯೂನಿಟ್ಟಿನ ಧೂಳಿನಾಗೂ ದಿನಾ ಹಾಯಬೇಕು, ಕಾಕಾ. ಗಾಡಿ ಬೆಳ್ಳಗಾಗಿ ಮನಿಗೆ ಬರ್ತದ.

ಮಿಸ್ತ್ರಿ: ಅದಕ್ಕ ಆಯಿಲ್ ಬಾತ್ ಏರ್ ಕ್ಲೀನರ್ ಕೊಟ್ಟಾರ. ಮುಚ್ಚಳ ತೆಗೆದು ನೋಡು, ಕೆಳಗಿನ ಬಟ್ಟಲದಾಗ ಆಯಿಲ್ ಇಲ್ಲೇ ಇಲ್ಲ. ಗಾಳಿ ಆಯಿಲಿಗೆ ಬಡದು ತಿರುಗಬೇಕು, ಧೂಳು ಅಲ್ಲೇ ಉಳೀಬೇಕು. ಗೆರಿ ತನಕ ಆಯಿಲ್ ಹಾಕು, ಕೆಸರಾತು ಅಂದ್ರ ಚೆಲ್ಲಿ ತೊಳೆದು ಹೊಸಾದು ಹಾಕು. ಫರಸಿ ಕಾರ್ಖಾನಿಯ ಹತ್ತಿರ ಇರೋರು ಪುಸ್ತಕದಾಗ ಬರದಷ್ಟು ದಿನ ಕಾಯಬಾರದು, ಕಣ್ಣಿಂದ ನೋಡಿ ಬದಲಾಯಿಸಬೇಕು.

ಮಾಲಕ: ಪೆಟ್ರೋಲ್ ವಿಚಾರ ಕೇಳಬೇಕಿತ್ತು. ಈಗ ಎಲ್ಲಾ ಬಂಕಿನಾಗೂ ಇಪ್ಪತ್ತು ಪರ್ಸೆಂಟ್ ಎಥೆನಾಲ್. ಹಳೇ ಗಾಡಿ ಹಾಳಾಗ್ತದ ಅಂತ ಒಬ್ಬರು, ಏನೂ ಆಗೂದಿಲ್ಲ ಅಂತ ಇನ್ನೊಬ್ಬರು.

ಮಿಸ್ತ್ರಿ: ಎರಡೂ ಪೂರಾ ಖರೇ ಅಲ್ಲ. ಎಂಜಿನ್ನಿನ ಕಬ್ಬಿಣಕ್ಕ ಏನೂ ಆಗೂದಿಲ್ಲ. ಆಗೋದು ರಬ್ಬರಿಗೆ. 1974ರಾಗ ಆ ರಬ್ಬರ್ ಮಾಡಿದವರು ಎಥೆನಾಲ್ ಲೆಕ್ಕಕ್ಕ ಹಿಡಿದಿರಲಿಲ್ಲ. ಪೆಟ್ರೋಲ್ ಪಂಪಿನ ಡಯಾಫ್ರಾಮ್ ಉಬ್ಬಿ ಮೆತ್ತಗಾಗ್ತದ. ಹೋಸ್ ಒಳಗಿಂದ ಉದುರಿ ಕಾರ್ಬುರೇಟರಿಗೆ ಹೋಗಿ ಕೂಡ್ತದ. ಹೊರಗ ಬಿರುಕು ಬಿಟ್ಟು, ಬಿಸಿ ಎಂಜಿನ್ ಮ್ಯಾಲ ಪೆಟ್ರೋಲ್ ಹನಿ ಬಿತ್ತು ಅಂದ್ರ ಬೆಂಕಿ. ಅದಕ್ಕ ಹೋಸ್ ಎಲ್ಲಾ ವೈಟನ್ ರಬ್ಬರಿನವು ಹಾಕೋಣ, ಡಯಾಫ್ರಾಮ್ ಹೊಸಾದು. ಇನ್ನೊಂದು: ಎಥೆನಾಲ್ ನೀರು ಎಳೀತದ. ಗಾಡಿ ತಿಂಗಳುಗಟ್ಟಲೆ ನಿಂತ್ರ ಟ್ಯಾಂಕಿನ ತಳದಾಗ ನೀರು ಕೂಡ್ತದ, ಜಂಗು ಹಿಡೀತದ. ಓಡೋ ಗಾಡಿಗೆ ಈ ಕಾಟ ಕಡಿಮಿ.

ಮಾಲಕ: ಸೀಸ ತೆಗೆದಾಗಲೂ ಹಿಂಗೇ ಗುಲ್ಲಾಗಿತ್ತು, ಅಲ್ಲೇನು?

ಮಿಸ್ತ್ರಿ: 2000ದಾಗ ದೇಶದ ತುಂಬ ಸೀಸದ ಪೆಟ್ರೋಲ್ ಬಂದ್ ಆತು. ಅದು ಆಗಬೇಕಾದ್ದೇ, ಮಕ್ಕಳ ಮೈಗೆ ವಿಷ ಅದು. ಆದ್ರ ಈ ಎಂಜಿನ್ನಿನ ಹೆಡ್ಡು ಎರಕದ ಕಬ್ಬಿಣ, ವಾಲ್ವ್ ಕೂಡೋ ಜಾಗ ಅದರಾಗೇ ಕೊರದಾರ. ಸೀಸ ಒಂದು ಪದರ ಹಿಡದು ಆ ಜಾಗ ಕಾಯ್ತಿತ್ತು. ಅದು ಹೋದ ಮ್ಯಾಲ ಎಗ್ಝಾಸ್ಟ್ ವಾಲ್ವ್ ಮೆಲ್ಲಗ ಹೆಡ್ಡಿನೊಳಗ ಇಳೀತದ, ಟ್ಯಾಪೆಟ್ ಸಂದು ತಾನಾಗೇ ಕಡಿಮಿ ಆಗ್ತದ. ನಿಮ್ಮಪ್ಪ ಗಟ್ಟಿ ಸೀಟ್ ರಿಂಗ್ ಕೂಡಿಸಿದ್ರೋ ಇಲ್ಲೋ ಹೆಡ್ ತೆಗೆದ್ರ ಗೊತ್ತಾಗ್ತದ. ಟ್ಯಾಪೆಟ್ ಸಂದು ಹದಿನೈದು ಥೌ, ಅಂದ್ರ ಇಂಚಿನ ಸಾವಿರ ಪಾಲಿನಾಗ ಹದಿನೈದು ಪಾಲು, ಇಟ್ಟು, ಒಂದು ಸಾವಿರ ಕಿಲೋಮೀಟರ್ ಓಡಿಸಿ ಮತ್ತ ಅಳದು ನೋಡೋಣ. ಇಳೀತಿದ್ರ ಆಗ ಹೆಡ್ ತೆಗೆಯೋಣ. ಸುಮ್ಮನ ಬಿಚ್ಚೂದು ಬ್ಯಾಡ.

ಮಾಲಕ: ಕಾರ್ಬುರೇಟರ್ ನಾನೇ ಕಲೀಬೇಕು ಅಂತ ಆಸೆ. ಅಪ್ಪ ಯಾವಾಗಲೂ ಬಾನೆಟ್ ಎತ್ತಿ ಅದರ ಕಿವಿ ಹಿಂಡ್ತಿದ್ರು.

ಮಿಸ್ತ್ರಿ: ಕಲಿ, ಈಗಲೇ. ಇದು ಎಸ್.ಯು. ಕಾರ್ಬುರೇಟರ್. ಏರ್ ಕ್ಲೀನರ್ ತೆಗೆದೀನಿ, ಎಂಜಿನ್ ಬಂದ್ ಅದ. ಬಾಯೊಳಗ ಬೆರಳು ಹಾಕು, ಒಂದು ಪಿಸ್ಟನ್ ತಾಗ್ತದ ನೋಡು. ಮ್ಯಾಲ ಎತ್ತು. ಬಿಗಿ ಅನಸ್ತದಲ್ಲ? ಮ್ಯಾಲಿನ ಕೊಳವ್ಯಾಗ ಆಯಿಲ್ ಇರೋದಕ್ಕ ಹಂಗ. ಈಗ ಬಿಡು.

ಮಾಲಕ: ನಡುವೇ ನಿಂತ್ಕೊಂತು.

ಮಿಸ್ತ್ರಿ: ನಿಲ್ಲಬಾರದು. ಸರಕ್ಕನ ಇಳಿದು ತಳಕ್ಕ ಟಕ್ ಅಂತ ಬಡೀಬೇಕು. ಆ ಸಪ್ಪಳ ಬರಲಿಲ್ಲ ಅಂದ್ರ ಒಳಗ ಹೊಲಸು ಅದ, ಇಲ್ಲಾ ಸೂಜಿ ಜೆಟ್ಟಿಗೆ ತಾಗ್ತದ. ಮೊದಲು ಹೊಲಸು. ಮ್ಯಾಲಿನ ಗುಮ್ಮಟ ತೆಗಿ, ಪಿಸ್ಟನ್ ಹೊರಗ ತೆಗಿ, ಸೂಜಿ ಡೊಂಕ ಆಗದಂಗ ಹಿಡಕೋ. ಪೆಟ್ರೋಲಿನ್ಯಾಗ ಅದ್ದಿದ ಮೆತ್ತನ ಅರಿವಿಯಿಂದ ಒರಸು. ಎಮರಿ ಪೇಪರ್ ಮುಟ್ಟಿಸಬ್ಯಾಡ! ಗುಮ್ಮಟ ಮತ್ತ ಪಿಸ್ಟನ್ ಒಂದಕ್ಕೊಂದು ಅಳತಿ ಮಾಡಿ ಕೂಡಿಸಿದ ಜೋಡಿ. ಒಂದು ಗೆರಿ ಬಿತ್ತು ಅಂದ್ರ ಜೋಡಿ ಕೆಟ್ಟಂಗ. ಈಗ ಕೂಡಿಸಿ ಮತ್ತ ಬಿಡು.

ಮಾಲಕ: ಟಕ್ ಅಂತು, ಕಾಕಾ!

ಮಿಸ್ತ್ರಿ: ಇನ್ನ ಎಂಜಿನ್ ಬಿಸಿ ಮಾಡಿ ಸ್ಲೋದಾಗ ಇಡು. ಪಕ್ಕದ ಸಣ್ಣ ಪಿನ್ ಒತ್ತಿ ಪಿಸ್ಟನ್ ಕೂದಲೆಳಿಯಷ್ಟು ಎತ್ತು. ಎಂಜಿನ್ ಜೋರಾಗಿ ಜೋರಾಗೇ ಉಳೀತು ಅಂದ್ರ ಪೆಟ್ರೋಲ್ ಜಾಸ್ತಿ. ಬಂದ್ ಬೀಳ್ಲಿಕ್ಕ ಬಂತು ಅಂದ್ರ ಕಡಿಮಿ. ಒಂದು ಕ್ಷಣ ಏರಿ ತನ್ನ ಹದಕ್ಕ ಬಂತು ಅಂದ್ರ ಸರಿ. ಕೆಳಗಿನ ನಟ್ಟು ಒಂದೊಂದು ಮೂಲಿ ತಿರುಗಸ್ತಾ ಹೋಗು. ಇದಕ್ಕ ಮಷೀನ್ ಬೇಕಿಲ್ಲ, ಕಿವಿ ಬೇಕು. ಕಿವಿ ಬರಬೇಕಂದ್ರ ವಾರಕ್ಕೊಮ್ಮೆ ಆದ್ರೂ ಗಾಡಿ ಸಪ್ಪಳ ಕೇಳಬೇಕು.

ಮಾಲಕ: ಒಂದು ವಿಷಯದಾಗ ನಾ ನಿಮ್ಮ ಮಾತು ಒಪ್ಪೂದಿಲ್ಲ. ಡೈನಮೋ ತೆಗೆದು ಆಲ್ಟರ್ನೇಟರ್ ಹಾಕು ಅಂತೀರಿ. ನನಗ ಬ್ಯಾಡ. ಫ್ಯಾಕ್ಟರಿಯಿಂದ ಹೆಂಗ ಬಂತೋ ಹಂಗೇ ಇರಬೇಕು.

ಮಿಸ್ತ್ರಿ: ಯಾಕ ಅಂತ ಹೇಳು. ಸಿಟ್ಟಿಲ್ಲ, ಕೇಳ್ತೀನಿ.

ಮಾಲಕ: ಒಂದೊಂದೇ ಬದಲಾಯಿಸ್ತಾ ಹೋದ್ರ ಕಡೀಗೆ ಉಳಿಯೋದು ಅಂಬಾಸಿಡರ್ ಆಕಾರದ ಇನ್ನೊಂದು ಗಾಡಿ. ಕೆಲವರು ಇಸುಝು ಎಂಜಿನ್ ಹಾಕಸ್ತಾರ, ಫ್ಲೋರ್ ಗೇರ್ ಹಾಕಸ್ತಾರ, ಒಳಗ ಏ.ಸಿ. ಅದು ತಪ್ಪು ಅಂತ ಅಲ್ಲ. ಅವರಿಗೆ ಅದು ಬೇಕು. ನನಗ ಬೇಕಾದ್ದು ಅಪ್ಪ ಓಡಿಸಿದ ಗಾಡಿ. ನಾಕನೇ ಗೇರಿಗೆ ಹಾಕುವಾಗ ಸ್ಟೇರಿಂಗ್ ಕೆಳಗ ಕೈ ಹೆಂಗ ತಿರುಗ್ತದೋ ಹಂಗೇ ತಿರುಗಬೇಕು. ಇನ್ನೊಂದು, ಉತ್ತರಪಾರಾದ ಕಾರ್ಖಾನಿ 2014ರ ಮೇದಾಗ ಬಂದ್ ಆತು. 2017ರಾಗ ಹೆಸರನ್ನೂ ಪ್ಯೂಜೋದವರಿಗೆ 80 ಕೋಟಿಗೆ ಮಾರಿದ್ರು. ಇನ್ನ ಹೊಸಾದು ಬರೂದಿಲ್ಲ. ಇದ್ದದ್ದನ್ನ ಇದ್ದಂಗ ಇಟ್ಟುಕೊಳ್ಳೋರು ಯಾರಾದ್ರೂ ಬೇಕಲ್ಲ.

ಮಿಸ್ತ್ರಿ: ಮಾತು ಖರೇ ಅದ. ಎಂಜಿನ್, ಗೇರ್, ಮುಂದಿನ ಟಾರ್ಶನ್ ಬಾರ್, ಹಿಂದಿನ ಪಾಟಾ, ಸೀಟಿನ ಆಕಾರ ಯಾವುದೂ ಮುಟ್ಟೂದು ಬ್ಯಾಡ. ಮುಟ್ಟು ಅಂದ್ರೂ ನಾ ಮುಟ್ಟೂದಿಲ್ಲ. ಆದ್ರ ಡೈನಮೋ ಸ್ಲೋದಾಗ ಚಾರ್ಜ್ ಕೊಡೂದಿಲ್ಲ. ರಾತ್ರಿ ಬೀದರದಿಂದ ಬರುವಾಗ ರೈಲ್ವೆ ಗೇಟಿನಾಗ ನಿಂತಿ ಅಂದ್ರ ಹೆಡ್‌ಲೈಟ್ ಕೆಂಪಗಾಗ್ತಾವ. ನಿನ್ನ ಹಿಂದ ಬರೋ ಕಬ್ಬಿನ ಲಾರಿಯವಗ ನೀ ಕಾಣಬೇಕು. ಹಳೇ ಗಾಡಿ ಪ್ರೀತಿ ಮಾಡೂದು ಬ್ಯಾರೆ, ರಸ್ತಾದಾಗಿನ ಮಂದಿ ಜೀವ ಬ್ಯಾರೆ. ಡೈನಮೋ, ಕಟೌಟ್ ಬಾಕ್ಸ್ ಎರಡೂ ಒರಸಿ, ಗ್ರೀಸ್ ಹಚ್ಚಿ, ಡಬ್ಬ್ಯಾಗ ಹಾಕಿ ಕೊಡ್ತೀನಿ. ಒಂದು ವೈರೂ ಕತ್ತರಿಸಬಾರದು. ನಾಳೆ ನಿನ್ನ ಮಗ ಬ್ಯಾಡ ಅಂದ್ರ ಒಂದು ಮಧ್ಯಾಹ್ನದಾಗ ಮೊದಲಿನಂಗ ಮಾಡಬಹುದು. ತಿರುಗಿ ಹಿಂದಕ್ಕ ತರಬಹುದಾದ ಬದಲಾವಣಿ ಮಾಡು, ತರಲಾರದ್ದು ಮಾಡಬ್ಯಾಡ. ನನ್ನ ಲೆಕ್ಕ ಇಷ್ಟೇ.

ಮಾಲಕ: ಹಿಂಗ ಹೇಳಿದ್ರ ಒಪ್ಪತೀನಿ. ಎರಡೂ ಹಿಂದಿನ ಲೈಟ್‌ಗೆ ಒಳ್ಳೆ ಬಲ್ಬು, ರಿಫ್ಲೆಕ್ಟರ್‌ನೂ ಹಾಕ್ರಿ.

ಮಿಸ್ತ್ರಿ: ಹಾಕ್ತೀನಿ. ರಿಜಿಸ್ಟ್ರೇಶನ್ ಕಥಿ ಏನಾತು?

ಮಾಲಕ: ಎರಡು ದಾರಿ ಅದಾವ. 2021ರ ಜುಲೈದಾಗ ಕೇಂದ್ರದವರು ವಿಂಟೇಜ್ ನಿಯಮ ತಂದ್ರು. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಚಾಸಿಸ್, ಬಾಡಿ, ಎಂಜಿನ್ ಮೂಲ ರೂಪದಾಗೇ ಇರಬೇಕು. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷಕ್ಕ. ಆಮ್ಯಾಲ ನವೀಕರಣಕ್ಕ 5,000. ನಂಬರಿನಾಗ ‘ವಿಎ’ ಅಂತ ಬರ್ತದ.

ಮಿಸ್ತ್ರಿ: ಛಲೋ ಅನಸ್ತದ.

ಮಾಲಕ: ಆದ್ರ ಆ ನಂಬರ್ ತಗೊಂಡ್ರ ದಿನನಿತ್ಯ ಓಡಿಸಂಗಿಲ್ಲ. ಪ್ರದರ್ಶನ, ರ್‍ಯಾಲಿ, ಪೆಟ್ರೋಲ್ ಹಾಕಿಸಲಿಕ್ಕ, ರಿಪೇರಿಗೆ ಇಷ್ಟಕ್ಕೇ ರಸ್ತಾಕ್ಕ ತರಬಹುದು. ನಾ ಮಕ್ಕಳನ್ನ ಸಾಲಿಗೆ ಬಿಡಬೇಕು, ನಾರಾಯಣಖೇಡಕ್ಕ ಅವ್ವನ ಹತ್ತಿರ ಹೋಗಬೇಕು. ಅದಕ್ಕ ಸಾದಾ ನೋಂದಣಿನೇ ಐದೈದು ವರ್ಷಕ್ಕ ನವೀಕರಿಸ್ತೀನಿ. ಹದಿನೈದು ವರ್ಷ ದಾಟಿದ ಕಾರಿಗೆ 2022ರಾಗ ಶುಲ್ಕ 5,000 ಆತು. ಇಪ್ಪತ್ತು ವರ್ಷ ದಾಟಿದ್ದಕ್ಕ 2025ರಾಗ 10,000 ಮಾಡ್ಯಾರ. ಭಾರ ಆದ್ರೂ ಕೊಡ್ತೀನಿ. ಹದಿನೈದು ವರ್ಷಕ್ಕ ಗಾಡಿ ಬಂದ್ ಅನ್ನೋದು ದಿಲ್ಲಿ ಸುತ್ತಿನ ಕಟ್ಟಳಿ, ನಮ್ಮ ಕಡೆ ಮಂದಿ ಅದನ್ನ ಕೇಳಿ ಹೆದರಿ ಒಳ್ಳೊಳ್ಳೆ ಗಾಡಿ ಗುಜರಿಗೆ ಹಾಕ್ಯಾರ. ಅದು ನೋಡಿ ಹೊಟ್ಟಿ ಉರೀತದ.

ಮಿಸ್ತ್ರಿ: ಬೀದರದಾಗ ಒಂದು ಸತ್ತ ಮಾರ್ಕ್ 2 ಅದ ಅಂತ ಗೊತ್ತಾಗ್ಯದ. ಬಾಗಿಲು, ಗಾಜು, ಬಂಪರ್ ಛಲೋ ಅದಾವಂತ. ಬಿಡಿಭಾಗಕ್ಕ ತಗೋ. ಆದ್ರ ಅದರ ಚಾಸಿಸ್ ನಂಬರಿನ ಪತ್ರಾ ಇದಕ್ಕ ತರೂದು, ಇದರ ಕಾಗದ ಅದಕ್ಕ ಹಚ್ಚೂದು ಮಾಡಬಾರದು. ಎಂಜಿನ್ ಬದಲಾದ್ರೂ ಆರ್‌ಟಿಒದಾಗ ಬರೆಸಬೇಕು. ಅದನ್ನೇ ಪೂರಾ ಓಡಿಸಲಿಕ್ಕ ತರೋದಾದ್ರ ಕರ್ನಾಟಕದ ಎನ್‌ಒಸಿ ಬೇಕು; ಹನ್ನೆರಡು ತಿಂಗಳಕ್ಕಿಂತ ಜಾಸ್ತಿ ಇಲ್ಲಿ ಇಟ್ರ ಇಲ್ಲಿನ ನಂಬರ್ ಹಾಕಸಬೇಕು.

ಮಾಲಕ: ಬಿಡಿಭಾಗ ಎಲ್ಲಿ ಸಿಗ್ತಾವ ಅಂತ ನಿಮ್ಮ ಅನುಭವ?

ಮಿಸ್ತ್ರಿ: ಸಿಕಂದರಾಬಾದಿನ ರಾಣಿಗಂಜ್, ಹೈದರಾಬಾದಿನ ಪುತ್ಲಿಬೌಲಿ ಮೊದಲು. ಇಲ್ಲದಿದ್ರ ಬೆಂಗಳೂರಿನ ಜೆ.ಸಿ. ರೋಡ್. ಅಂಬಾಸಿಡರಿಗೆ ಕಡೀಯ ಊರು ಅಂದ್ರ ಕೋಲ್ಕತ್ತಾದ ಮಲ್ಲಿಕ್ ಬಜಾರ್. ಅಲ್ಲಿ ಟ್ಯಾಕ್ಸಿ ಭಾಳ ಇದ್ವು. ಆದ್ರ ಹೊಸ ಡಬ್ಬ್ಯಾಗಿನ ಮಾಲೆಲ್ಲಾ ಛಲೋ ಅಲ್ಲ. ಕಂಡೆನ್ಸರ್ ಹೊಸಾದು ಹಾಕಿದ್ರ ವಾರದಾಗ ಹೋಗ್ತದ, ಹಳೇದು ಇಪ್ಪತ್ತು ವರ್ಷ ನಡೀತಿತ್ತು. ಓಡ್ತಿರೋ ಹಳೇ ಕಂಡೆನ್ಸರ್ ಎಂದೂ ಒಗೀಬ್ಯಾಡ, ಡಿಕ್ಕ್ಯಾಗ ಇಡು.

ಮಾಲಕ: ಶ್ರೀರಂಗಪಟ್ಟಣದ ಹತ್ತಿರ ‘ಪಯಣ’ ಮ್ಯೂಸಿಯಮ್ಮಿಗೆ ಹೋಗಿದ್ದೆ. ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು ಕೂಡಿಸಿದ ಗಾಡಿಗಳು, 2023ರಾಗ ತೆರೆದದ್ದು. ಕಣ್ಣು ತುಂಬಿ ಬಂತು. ಹೈದರಾಬಾದಿನ ಚೌಮಹಲ್ಲಾದಾಗ ನಿಜಾಮರ 1912ರ ರೋಲ್ಸ್ ರಾಯ್ಸ್ ನೋಡೀನಿ. ಅಂಥವು ಉಳಿಯೋದಕ್ಕ ದೊಡ್ಡ ಮನಿ ಬೇಕು, ಅವರು ಮಾಡಿದ್ದು ದೊಡ್ಡ ಕೆಲಸ. ಆದ್ರ ಅಂಬಾಸಿಡರ್ ಅರಮನಿಯ ಗಾಡಿ ಅಲ್ಲ. ಅದು ರಸ್ತಾದಾಗೇ ಕಾಣಬೇಕು ಅನಸ್ತದ ನನಗ.

ಮಿಸ್ತ್ರಿ: ನಾ ಅದನ್ನೇ ಬ್ಯಾರೆ ಕಡಿಯಿಂದ ಹೇಳ್ತೀನಿ. ಈ ಊರಿಗೆ 1980ರ ದಶಕದಾಗ ಆಲ್ವಿನ್ ನಿಸ್ಸಾನಿನ ಕಾರ್ಖಾನಿ ಬಂತು, ಮುಂದ ಮಹೀಂದ್ರದವರ ಕೈಗೆ ಹೋತು. ಈಗ ಟ್ರ್ಯಾಕ್ಟರ್ ಮಾಡ್ತಾರ. ಹುಡುಗರು ಐಟಿಐ ಕಲಿತು ಅಲ್ಲಿ ಹೋಗ್ತಾರ, ಹೊಟ್ಟಿ ತುಂಬ್ತದ, ಸಂತೋಷ. ಆದ್ರ ಅಲ್ಲಿ ಹೊಸ ಭಾಗ ಕೂಡಸೂದು ಕಲೀತಾರ, ಸವೆದ ಭಾಗ ಉಳಿಸೂದಲ್ಲ. ನನ್ನ ಕೈಯಾಗಿನ ಕೆಲಸ ನಾಕು ಮಂದಿಗೆ ಗೊತ್ತದ ಈ ಊರಾಗ. ಒಬ್ಬ ಲೇತ್‌ನವ, ಒಬ್ಬ ರೇಡಿಯೇಟರ್‌ನವ, ಒಬ್ಬ ಡೆಂಟಿಂಗಿನವ, ನಾನು. ನಾಕೂ ಮಂದಿಗೆ ವಯಸ್ಸಾಗ್ಯದ. ನಿನ್ನ ಗಾಡಿ ಹೈದರಾಬಾದಕ್ಕ ಹೋದ್ರ ನನಗೇನೂ ನಷ್ಟ ಇಲ್ಲ, ಟ್ರ್ಯಾಕ್ಟರ್ ಕೆಲಸ ಬೇಕಾದಷ್ಟು ಅದ. ಆದ್ರ ನನ್ನ ಹತ್ತಿರ ಇರೋ ಹುಡುಗ ವೀಲ್ ಸಿಲಿಂಡರಿಗೆ ಸ್ಲೀವ್ ಹೊಡೆಯೋದು ಎಲ್ಲಿ ನೋಡಬೇಕು? ಎಸ್.ಯು. ಪಿಸ್ಟನ್ನಿನ ಸಪ್ಪಳ ಎಲ್ಲಿ ಕೇಳಬೇಕು?

ಮಾಲಕ: ಅವಗ ಕಲಿಸಲಿಕ್ಕ ಈ ಗಾಡಿ ಸಾಕಾಗ್ತದೇನು?

ಮಿಸ್ತ್ರಿ: ಒಂದು ಗಾಡಿ ಪೂರಾ ಸಾಕು. ಕಿಂಗ್‌ಪಿನ್ನಿಗೆ ಗ್ರೀಸ್ ಹೊಡೆಯೋದು ನೋಡು. ಗನ್ ಹಿಡಿದು ಗಾಲಿ ನೆಲದ ಮ್ಯಾಲ ಇದ್ದಂಗೇ ಎಲ್ಲಾರೂ ಒತ್ತತಾರ. ಭಾರ ಪಿನ್ನಿನ ಮ್ಯಾಲ ಇರ್ತದ, ಸವೆಯೋ ಕಡೆಗೇ ಗ್ರೀಸ್ ಹೋಗೂದಿಲ್ಲ. ಜಾಕ್ ಹಾಕಿ ಗಾಲಿ ಎತ್ತಬೇಕು, ಸ್ಟೇರಿಂಗ್ ಆ ಕಡೆ ಈ ಕಡೆ ತಿರುಗಿಸ್ತಾ ಒತ್ತಬೇಕು. ಹಳೇ ಕರೀ ಗ್ರೀಸ್ ಹೊರಗ ಬಂದು, ಹೊಸ ಗ್ರೀಸ್ ಕಾಣೋ ತನಕ. ಎರಡು ಮಂದಿ ಬೇಕಾಗೋ ಕೆಲಸ. ನೀ ಸ್ಟೇರಿಂಗ್ ಹಿಡಿ, ಹುಡುಗ ಗನ್ ಹಿಡೀಲಿ. ಮನ್ಯಾಗ ಒಂದು ನೋಟ್‌ಬುಕ್ ಇಡು. ಏನು ಮಾಡಿದ್ವಿ, ಯಾವ ಅಳತಿ, ಎಷ್ಟು ಕಿಲೋಮೀಟರಿಗೆ, ಎಲ್ಲಾ ಕನ್ನಡದಾಗ ಬರಿ.

ಮಾಲಕ: ಹಂಗಾದ್ರ ಹೈದರಾಬಾದಿನವರಿಗೆ ಬ್ಯಾಡ ಅಂತ ಹೇಳ್ತೀನಿ. ಬೆಸುಗಿ ಆದ ಮ್ಯಾಲ ಪೇಂಟಿಗೆ ಮಾತ್ರ ಬೂತ್ ಬೇಕಾಗ್ತದೇನೋ, ಆಗ ಕೇಳೋಣ. ಯಾವುದರಿಂದ ಚಾಲೂ ಮಾಡ್ತೀರಿ?

ಮಿಸ್ತ್ರಿ: ಬ್ರೇಕ್. ಅದು ಆಗದೆ ಗಾಡಿ ಈ ಗೇಟ್ ದಾಟಬಾರದು. ಅದರ ಹಿಂದ ಪಟ್ಟಿ, ನೆಲದ ಪತ್ರಾ. ಅದು ಆಗುವಷ್ಟರಾಗ ರೇಡಿಯೇಟರ್ ಕೆತ್ತಿ ಬರ್ತದ. ನೀ ರಾಣಿಗಂಜಿಗೆ ಹೋಗಿ ನಾಕು ಗಾಲಿಯ ಸಿಲಿಂಡರ್ ಕಿಟ್ ಮತ್ತ ಹೋಸ್ ತಾ. ಹೋಸಿನ ಮ್ಯಾಲ ತಯಾರಾದ ತಿಂಗಳು-ವರ್ಷ ಅಚ್ಚು ಹಾಕಿರ್ತಾರ, ನೋಡಿ ತಗೋ. ಅಂಗಡ್ಯಾಗ ಹತ್ತು ವರ್ಷ ಕುಂತ ರಬ್ಬರ್ ಹೊಸ ಡಬ್ಬ್ಯಾಗ ಇದ್ರೂ ಹಳೇದೇ. ಹಿಡಿದು ಮಡಚಿ ನೋಡು, ಬಿರುಕು ಕಂಡ್ರ ಅಲ್ಲೇ ಇಟ್ಟು ಬ್ಯಾರೆ ಅಂಗಡಿಗೆ ಹೋಗು.